ಏಳು ದಿನದ ಕ್ಯಾಂಪ್ ಮುಗೀತು, ಕಲಿತದ್ದೇನು?

2024ರ ಏಪ್ರಿಲ್ ಮೊದಲ ವಾರ ನಿಮ್ಮ ಫೋನಿನಲ್ಲೂ ಆ ಲೈವ್ ಓಡಿರಬೇಕು. ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಹೊಲದ ತೆರೆದ ಬೋರ್‌ವೆಲ್‌ಗೆ ಬಿದ್ದಿತ್ತು. ಪಕ್ಕದಲ್ಲೇ ಗುಂಡಿ ತೋಡಿ, ಬಂಡೆ ಒಡೆದು, ಸುಮಾರು 20 ತಾಸು ಒದ್ದಾಡಿದ ಮೇಲೆ ಮಗು ಜೀವಂತವಾಗಿ ಹೊರಗೆ ಬಂತು. ಹತ್ತು ವರ್ಷದ ಹಿಂದೆ, 2014ರ ಜೂನ್‌ನಲ್ಲಿ, ವಿಜಯಪುರದ ಹತ್ತಿರದ ನಾಗಠಾಣದಲ್ಲಿ ಇದೇ ರೀತಿ ಬಿದ್ದ ಹುಡುಗಿ ಉಳಿಯಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ದಿನ ಆಡಳಿತವನ್ನು ಬೈಯುತ್ತೇವೆ, ಮೂರನೇ ದಿನ ಮರೆಯುತ್ತೇವೆ. ಸುಪ್ರೀಂ ಕೋರ್ಟ್ 2010ರಲ್ಲೇ ಈ ಬಗ್ಗೆ ಸ್ಪಷ್ಟ ನಿರ್ದೇಶನ ಕೊಟ್ಟಿದೆ. ಬೋರ್ ಕೊರೆಸುವ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಫೇಲಾದ ಬೋರನ್ನು ಮಣ್ಣು, ಉಸುಕು, ಕಲ್ಲು ಹಾಕಿ ತಳದಿಂದ ನೆಲದ ಮಟ್ಟದವರೆಗೆ ತುಂಬಬೇಕು. ಯಾವ ಊರಿನಲ್ಲಿ ಎಷ್ಟು ಬೋರ್ ಚಾಲೂ ಇವೆ, ಎಷ್ಟು ಬಾಯಿ ತೆರೆದು ಬಿದ್ದಿವೆ, ಎಷ್ಟು ಮುಚ್ಚಿವೆ ಅನ್ನುವ ಲೆಕ್ಕ ಜಿಲ್ಲೆಯಲ್ಲಿ ಇರಬೇಕು.

ಆ ಲೆಕ್ಕ ಯಾರಿಗೆ ಗೊತ್ತು? ಯಾರ ಹೊಲದಾಗ ಬೋರ್ ಫೇಲಾಗೈತಿ, ಯಾರು ಕೇಸಿಂಗ್ ಪೈಪ್ ಕಿತ್ತುಕೊಂಡು ಹೋಗಿ ಮೇಲೊಂದು ಗೋಣಿಚೀಲ ಹೊದಿಸ್ಯಾರ, ಇದೆಲ್ಲ ಊರ ಹುಡುಗರಿಗೆ ಗೊತ್ತು. ಅದೇ ಹುಡುಗರು, ಹುಡುಗಿಯರು ಬೆಳಿಗ್ಗೆ ಎಂಟರ ಬಸ್ಸಿಗೆ ಜೋತುಬಿದ್ದು ಇಂಡಿಗೆ, ಸಿಂದಗಿಗೆ, ಮುದ್ದೇಬಿಹಾಳಕ್ಕೆ, ಬಸವನ ಬಾಗೇವಾಡಿಗೆ ಕಾಲೇಜಿಗೆ ಬರ್ತಾರೆ. ಕ್ಲಾಸಿನಲ್ಲಿ ಕುಳಿತು ‘ಅಂತರ್ಜಲದ ಮಹತ್ವ’ ಅಂತ ಐದು ಅಂಕದ ಟಿಪ್ಪಣಿ ಬರೆದುಕೊಳ್ತಾರೆ. ‘ನಿಮ್ಮೂರಾಗ ಎಷ್ಟು ಬೋರ್ ಫೇಲಾಗ್ಯಾವ, ಯಾಕ?’ ಅಂತ ಅವರನ್ನು ಯಾರೂ ಕೇಳಿಲ್ಲ.

ಈ ಕಂದಕದ ಮೇಲೆ ಹಾಕುವ ಸೇತುವೆಗೆ ಶಿಕ್ಷಣ ಲೋಕದಲ್ಲಿ ಸರ್ವಿಸ್ ಲರ್ನಿಂಗ್ ಅಂತ ಹೆಸರು. ಕನ್ನಡದಲ್ಲಿ ಸೇವಾ ಕಲಿಕೆ ಅನ್ನಬಹುದು. ಪದ ಹುಟ್ಟಿದ್ದು 1960ರ ದಶಕದ ಕೊನೆಯ ಅಮೆರಿಕದಲ್ಲಿ. ಬಾಗೇವಾಡಿಯಲ್ಲಿ ನಿಂತು ಈ ಮಾತು ಎತ್ತಿದರೆ, ‘ಕಾಯಕ, ದಾಸೋಹ ಅಂತ ಬಸವಣ್ಣ ಹೇಳಿ ಒಂಬತ್ತು ನೂರು ವರ್ಷ ಆಗ್ಲಿಕ್ಕೆ ಬಂತು, ಇದೇನು ಹೊಸದು?’ ಅಂತ ಕೇಳುವವರು ಸಿಕ್ಕೇ ಸಿಗ್ತಾರೆ. ಅವರ ಮಾತೂ ಸರಿಯೇ. ಆದರೆ ಕಾಯಕದ ಹೆಸರು ಹೇಳಿದ ಮಾತ್ರಕ್ಕೆ ಸೆಮಿಸ್ಟರ್‌ನ ಟೈಮ್‌ಟೇಬಲ್ ತಯಾರಾಗುವುದಿಲ್ಲವಲ್ಲ.

ಸೇವೆ ಬೇರೆ, ಸೇವಾ ಕಲಿಕೆ ಬೇರೆ. ರಸ್ತೆ ಗುಡಿಸಿದರೆ ಸೇವೆ. ಆ ರಸ್ತೆಯ ಕಸ ಎಲ್ಲಿಂದ ಬಂತು, ಪಂಚಾಯ್ತಿ ಅದಕ್ಕೆ ಎಷ್ಟು ಖರ್ಚು ಮಾಡ್ತದೆ, ಯಾವ ಓಣಿಗೆ ಗಾಡಿ ಹೋಗೋದಿಲ್ಲ ಅಂತ ಹುಡುಕಿ, ತರಗತಿಯ ಪಾಠಕ್ಕೆ ಜೋಡಿಸಿ, ಸಿಕ್ಕ ಉತ್ತರವನ್ನು ಮತ್ತೆ ಆ ಊರಿಗೇ ಒಪ್ಪಿಸಿದರೆ ಅದು ಸೇವಾ ಕಲಿಕೆ. ಪ್ರಶ್ನೆ ಊರಿನದಾಗಿರಬೇಕು, ಅಂಕ ಸಿಗಬೇಕಾದದ್ದು ದುಡಿದ ತಾಸಿಗಲ್ಲ, ಅರ್ಥವಾದ ವಿಷಯಕ್ಕೆ.

ಕ್ಯಾಂಪ್, ಫೋಟೊ, ಪಾಯಿಂಟ್ಸ್

ನಮ್ಮಲ್ಲಿ ಇದಕ್ಕೆ ದಾರಿ ಇರಲಿಲ್ಲ ಅಂತಲ್ಲ. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಮ್ಮ ಎನ್‌ಎಸ್‌ಎಸ್, ಶುರುವಾಗಿದ್ದು ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು. ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅದನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದ ಅರ್ಥಶಾಸ್ತ್ರಜ್ಞರೂ ಅವರೇ. 37 ವಿಶ್ವವಿದ್ಯಾಲಯ, 40,000 ಸ್ವಯಂಸೇವಕರೊಂದಿಗೆ ಹೊರಟ ಯೋಜನೆ ಇವತ್ತು ಹೆಚ್ಚುಕಡಿಮೆ ಪ್ರತಿ ಪದವಿ ಕಾಲೇಜಿನಲ್ಲಿದೆ. ಎರಡು ವರ್ಷದಲ್ಲಿ 240 ತಾಸು ಸೇವೆ, ದತ್ತು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಘೋಷವಾಕ್ಯದ ಅರ್ಥ, ‘ನನಗಲ್ಲ, ನಿನಗೆ’.

ಶಿಬಿರಕ್ಕೆ ಹೋದವರಿಗೆ ಅದರ ಸುಖ ಗೊತ್ತು. ಸರ್ಕಾರಿ ಶಾಲೆಯ ಕೋಣೆಯಲ್ಲಿ ಸಾಲಾಗಿ ಮಲಗಿದ್ದು, ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗಿದ್ದು, ರಾತ್ರಿ ನಾಟಕ ಆಡಿದ್ದು ಯಾವುದೂ ಮರೆಯೋದಿಲ್ಲ. ಮೊದಲ ಸಲ ಮೈಕ್ ಹಿಡಿದವರು, ಬೇರೆ ಜಾತಿಯ ಗೆಳೆಯನ ತಾಟಿನಲ್ಲಿ ಮೊದಲ ಸಲ ಉಂಡವರು ಎಷ್ಟೋ ಮಂದಿ. ಇದನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ.

ಆದರೆ ಊರಿನ ಕಡೆಯಿಂದ ನೋಡಿ. ಏಳು ದಿನ ಪೊರಕೆ, ಬುಟ್ಟಿ, ಬ್ಯಾನರ್. ಸಮಾರೋಪದ ದಿನ ಶಾಲು, ಹಾರ. ಎಂಟನೇ ದಿನ ಟ್ರ್ಯಾಕ್ಸ್ ಹೊರಟಿತು ಅಂದರೆ ಗಟಾರು ಮೊದಲಿನಂತೆ. ಮುಂದಿನ ವರ್ಷ ದತ್ತು ಹಳ್ಳಿಯೇ ಬದಲಾಗಿರ್ತದೆ. ‘ಬರ್ತೀರಿ, ಬರಕೊಂಡು ಹೋಗ್ತೀರಿ, ಮುಂದೇನಾತು ಅಂತ ಹೇಳಾಕ ಯಾರೂ ಬರೂದಿಲ್ಲ’ ಅನ್ನುವುದು ಸರ್ವೇ ಫಾರ್ಮ್ ನೋಡಿ ನೋಡಿ ಸುಸ್ತಾದ ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಕೇಳಬಹುದಾದ ಮಾತು.

ಎಂಜಿನಿಯರಿಂಗ್ ಓದಿದವರಿಗೆ ಇನ್ನೊಂದು ಕಥೆ ನೆನಪಾಗುತ್ತಿರಬಹುದು. ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್! ಪದವಿ ಕೈಗೆ ಬರಬೇಕಾದರೆ 100 ಪಾಯಿಂಟ್ ತೋರಿಸಬೇಕು. ಕೊನೆಯ ಸೆಮಿಸ್ಟರ್‌ನಲ್ಲಿ ಸರ್ಟಿಫಿಕೇಟ್ ಬೇಟೆ, ಸಸಿ ಹಿಡಿದ ಅದೇ ಒಂದು ಫೋಟೊ ಹತ್ತು ರಿಪೋರ್ಟ್‌ಗಳಲ್ಲಿ. ವಿಟಿಯು 2022ರ ಸ್ಕೀಮ್‌ನಲ್ಲಿ ಮೂರನೇ ಸೆಮಿಸ್ಟರ್‌ಗೆ ‘ಸೋಷಿಯಲ್ ಕನೆಕ್ಟ್ ಆ್ಯಂಡ್ ರೆಸ್ಪಾನ್ಸಿಬಿಲಿಟಿ’ ಅನ್ನುವ ಕೋರ್ಸನ್ನೇ ಇಟ್ಟಿತು. ಗಿಡ ದತ್ತು, ಪರಂಪರೆ ನಡಿಗೆ, ಸಾವಯವ ಕೃಷಿ, ನೀರು ಉಳಿತಾಯ, ಊರಿನ ಅಡುಗೆಯ ದಾಖಲೆ. ಕಾಗದದ ಮೇಲೆ ಚಂದದ ಕೋರ್ಸ್. ಆದರೆ ಹಿಂದಿನ ಬ್ಯಾಚಿನ ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲಿ ಸಿಗುವಷ್ಟು ದಿನ ಇಂಥ ಯಾವ ಕೋರ್ಸಿಗೂ ಕಾಪಿಯ ಭಯ ತಪ್ಪಿದ್ದಲ್ಲ.

ಯುಜಿಸಿ ಕೂಡ 2020ರಲ್ಲಿ ಸಮುದಾಯದ ಜೊತೆ ಕೆಲಸ ಮಾಡುವ ಎರಡು ಕ್ರೆಡಿಟ್‌ಗಳ ಕೋರ್ಸ್ ಇರಲಿ, ಅದರ ಕನಿಷ್ಠ ಅರ್ಧ ಸಮಯ ಕ್ಷೇತ್ರದಲ್ಲೇ ಕಳೆಯಲಿ ಎಂದು ಮಾರ್ಗಸೂಚಿ ಹೊರಡಿಸಿತು. ಅದರ ಬೆನ್ನಿಗೆ ಎನ್‌ಇಪಿ ಬಂತು. ಕರ್ನಾಟಕ 2021-22ರಲ್ಲಿ ಅದನ್ನು ಜಾರಿ ಮಾಡಿ, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸಿಲಬಸ್ ಹೀಗೆ ಹಿಂದೆ ಮುಂದೆ ಓಡಾಡುವಾಗ ಮೊದಲು ಕಳೆದುಹೋಗುವುದು ಇಂಥ ಎರಡು ಕ್ರೆಡಿಟ್‌ಗಳೇ.

ರಂಗೋಲಿಯ ನಕ್ಷೆ

ಚೆನ್ನಾಗಿ ನಡೆಯುವ ಮಾದರಿಗೆ ದೂರ ಹೋಗಬೇಕಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜು ವಿಜಯಪುರದ ಹತ್ತಿರ ಹಿಟ್ಟಿನಹಳ್ಳಿಯಲ್ಲಿದೆ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದು, ರೈತರ ಜೊತೆ ಕೆಲಸ ಮಾಡಬೇಕು. ಅದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು. ಗುಡಿಯ ಮುಂದಿನ ಬಯಲಲ್ಲಿ ಬಣ್ಣಬಣ್ಣದ ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸಿರುವುದನ್ನು ನೀವು ನೋಡಿರಬಹುದು. ನೀಲಿ ರಂಗೋಲಿ ಕೆರೆ, ಹಸಿರು ತೋಟ, ಕಪ್ಪು ರಸ್ತೆ. ಅದು ಅಲಂಕಾರವಲ್ಲ. ವಿದ್ಯಾರ್ಥಿಗಳು ಬಿಡಿಸ್ತಾ ಹೋದಂತೆ ಸುತ್ತ ನಿಂತ ಮುದುಕರು, ‘ಏ ತಮ್ಮಾ, ಹಳ್ಳ ಆ ಕಡಿ ತಿರಗತೈತಿ’ ಅಂತ ತಿದ್ದುತ್ತಾರೆ. ಊರು ಗುರು, ಕಾಲೇಜು ವಿದ್ಯಾರ್ಥಿ. ಆ ಒಂದು ತಾಸು ಪಾತ್ರ ಅದಲುಬದಲಾಗುತ್ತದೆ.

ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ಈಗ ಮೊದಲ ವರ್ಷದಿಂದಲೇ ಕೆಲವು ಹಳ್ಳಿ ಕುಟುಂಬಗಳ ಜೊತೆ ನಂಟು ಇಟ್ಟುಕೊಳ್ಳುವ ‘ಕುಟುಂಬ ದತ್ತು’ ಕಾರ್ಯಕ್ರಮವಿದೆ. ಒಂದೇ ಮನೆಗೆ ಮತ್ತೆ ಮತ್ತೆ ಹೋದರೆ ಬಿಪಿ ಗುಳಿಗೆ ಯಾಕೆ ನಿಂತಿತು ಅನ್ನುವುದು ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ. ಗುಳಿಗೆ ಮರೆತದ್ದಲ್ಲ, ದವಾಖಾನೆಯ ದಿನವೇ ಕೂಲಿಯ ದಿನವೂ ಆಗಿರುತ್ತದೆ.

ಆದರೆ ಕೃಷಿ, ವೈದ್ಯಕೀಯ ಓದುವವರು ಎಷ್ಟು ಮಂದಿ? ಈ ನಾಲ್ಕು ತಾಲ್ಲೂಕಿನ ಮಕ್ಕಳಲ್ಲಿ ಬಹುಪಾಲು ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯವರು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವಿ ಕಾಲೇಜುಗಳು, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜುಗಳು. ಓದು ಮುಗಿಸಿ ಧಾರವಾಡಕ್ಕೋ ವಿಜಯಪುರಕ್ಕೋ ಕೋಚಿಂಗ್‌ಗೆ ಹೋಗುವವರು. ‘ಈ ಡಿಗ್ರಿ ತಗೊಂಡು ಏನ್ ಮಾಡೂದ್ರಿ?’ ಅನ್ನುವ ಪ್ರಶ್ನೆ ದೊಡ್ಡದಾಗಿ ಕೇಳುವುದು ಇವರ ನಡುವೆ. ಸೇವಾ ಕಲಿಕೆ ಬೇಕಾದದ್ದೂ ಇವರಿಗೇ.

ಇಲ್ಲಿ ಒಂದು ವ್ಯತ್ಯಾಸ ಮರೆಯಬಾರದು. ಅಮೆರಿಕದ ಪುಸ್ತಕಗಳಲ್ಲಿ, ಅಷ್ಟೇಕೆ ಬೆಂಗಳೂರಿನ ಕಾಲೇಜುಗಳಲ್ಲಿ ಸಹ, ಸೇವಾ ಕಲಿಕೆ ಎಂದರೆ ಉಳ್ಳವರ ಮಕ್ಕಳು ಇಲ್ಲದವರ ಓಣಿಗೆ ಹೋಗಿ ಬರುವುದು. ನಮ್ಮ ಕಂಪನಿಗಳ ಸಿಎಸ್‌ಆರ್ ಶನಿವಾರವೂ ಅದೇ ತಾನೇ? ಟೀ ಶರ್ಟ್ ಹಾಕಿಕೊಂಡು ಶಾಲೆಯ ಗೋಡೆಗೆ ಬಣ್ಣ ಬಳಿದು ಸಂಜೆ ವಾಪಸ್. ಸಿಂದಗಿಯ ಕಾಲೇಜಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬೆಂಚಿನ ಮೇಲೆ ಕುಳಿತ ಹುಡುಗಿಯ ಮನೆಯೇ ‘ಫಲಾನುಭವಿ’ಯ ಮನೆ. ಅವಳು ಯಾರನ್ನೋ ಉದ್ಧಾರ ಮಾಡಲು ಹೊರಟವಳಲ್ಲ. ದಿನಾ ನೋಡುವ ತನ್ನ ಊರನ್ನು ಅಳೆದು, ಎಣಿಸಿ, ಕೇಳಿ ನೋಡುವುದನ್ನು ಕಲಿಯಬೇಕಾದವಳು.

ಇನ್ನೊಂದು ಅನುಕೂಲವೂ ಇದರಲ್ಲಿದೆ. ಏಳು ದಿನ ಹೊರಗೆ ಮಲಗುವ ಶಿಬಿರಕ್ಕೆ ಮಗಳನ್ನು ಕಳಿಸಲು ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲ. ಸ್ವಂತ ಊರಿನಲ್ಲೇ ಕೆಲಸ ಅಂದರೆ ಅವ್ವ-ಅಪ್ಪ ಬೇಡ ಅನ್ನಲಿಕ್ಕೆ ಕಾರಣವಿರುವುದಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 67ರಷ್ಟಿತ್ತು. ಹೆಣ್ಣುಮಕ್ಕಳದು ಅದಕ್ಕಿಂತ ಹತ್ತರಷ್ಟು ಕಡಿಮೆ. ಅಂಥ ಕಡೆ ಪದವಿಯವರೆಗೆ ಬಂದ ಹುಡುಗಿ ಕೈಯಲ್ಲಿ ಪಟ್ಟಿ ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ ಹೇಳುವುದು ಸಣ್ಣ ಮಾತಲ್ಲ.

ಒಂದು ಬೋರ್‌ವೆಲ್, ಐದು ಪಾಠ

ಬೋರ್‌ವೆಲ್ ವಿಷಯವನ್ನೇ ಹಿಡಿಯೋಣ. ಇಂಡಿಯಲ್ಲಿ ಒಂದು ಬಿ.ಎ. ತರಗತಿ ಇದೆ ಅಂತ ಇಟ್ಕೊಳ್ಳಿ. ನಲವತ್ತು ವಿದ್ಯಾರ್ಥಿಗಳು, ಹದಿನೈದು-ಇಪ್ಪತ್ತು ಊರಿನವರು. ಒಬ್ಬೊಬ್ಬರು ತಮ್ಮ ಊರಿನ ಹೊಲಗಳ ಬೋರ್‌ಗಳನ್ನು ಗುರುತಿಸಬೇಕು. ಎಷ್ಟು ಅಡಿ, ಯಾವ ವರ್ಷ, ನೀರು ಬಿತ್ತೋ ಇಲ್ಲವೋ, ಈಗ ಬಾಯಿ ಮುಚ್ಚಿದೆಯೋ ಇಲ್ಲವೋ. ಜಾಗ ಗುರುತಿಸಲು ಫೋನೇ ಸಾಕು.

ಭೂಗೋಳದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ನಮ್ಮ ಜಿಲ್ಲೆ ನಿಂತಿರುವುದು ದಖನ್ನಿನ ಬಸಾಲ್ಟ್ ಬಂಡೆಯ ಮೇಲೆ. ಗೋಳಗುಮ್ಮಟ ಕಟ್ಟಿದ್ದೂ ಅದೇ ಕರಿಗಲ್ಲಿನಲ್ಲಿ. ಉಸುಕಿನ ನೆಲದಂತೆ ನೀರು ಇದರ ತುಂಬ ಹರಡಿಕೊಂಡಿರುವುದಿಲ್ಲ, ಬಿರುಕಿನಲ್ಲಿ, ಒಂದು ಲಾವಾ ಪದರಕ್ಕೂ ಇನ್ನೊಂದಕ್ಕೂ ನಡುವಿನ ಸಡಿಲ ಜಾಗದಲ್ಲಿ ನಿಂತಿರುತ್ತದೆ. ಹಾಗಾಗಿಯೇ ಒಬ್ಬರ ಹೊಲದಾಗ 300 ಅಡಿಗೆ ನೀರು, ಬದುವಿನ ಆಚೆ 600 ಅಡಿಗೂ ಬರೇ ಧೂಳು. ಇದನ್ನು ದೈವ ಅಂತ ನಂಬಿ ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿಸಿದ ಅಪ್ಪನ ಮಗ, ಬಂಡೆಯ ಚಿತ್ರ ಬಿಡಿಸಿ ಅಪ್ಪನಿಗೆ ವಿವರಿಸುವ ದಿನ ಬಂದರೆ ಆ ಪಾಠಕ್ಕೆ ಬೇರೆ ಪರೀಕ್ಷೆ ಯಾಕೆ ಬೇಕು?

ಅರ್ಥಶಾಸ್ತ್ರದವರು ಮೂರು ಬೋರ್ ಫೇಲಾದ ಮನೆಯ ಸಾಲದ ಲೆಕ್ಕ ಹಾಕಬಹುದು. ಬ್ಯಾಂಕಿನದೆಷ್ಟು, ಕೈಗಡ ಎಷ್ಟು, ಬಡ್ಡಿ ಎಷ್ಟು, ಯಾರ ಬಂಗಾರ ಅಡವಿಗೆ ಹೋಯಿತು. ಸಂಖ್ಯಾಶಾಸ್ತ್ರದವರಿಗೆ ಸರಾಸರಿ ಮತ್ತು ಮಧ್ಯಾಂಕ ಯಾಕೆ ಬೇರೆ ಅನ್ನುವುದು ಒಂದು 900 ಅಡಿಯ ಬೋರ್ ಪಟ್ಟಿಗೆ ಸೇರಿದ ಕೂಡಲೇ ಗೊತ್ತಾಗುತ್ತದೆ. ಬಿ.ಎಸ್ಸಿ.ಯವರು ನೀರಿನ ಉಪ್ಪಿನಂಶ ಅಳೆಯಬಹುದು. ಕನ್ನಡ ವಿಭಾಗಕ್ಕೆ ಕೆಲಸವಿಲ್ಲ ಅಂದುಕೊಳ್ಳಬೇಡಿ. ಪಿಡಿಒಗೆ ಒಂದು ಪುಟದಲ್ಲಿ ತಿಳಿಯುವಂಥ ಮನವಿ ಬರೆಯುವುದು ಎಷ್ಟು ಕಷ್ಟ ಅಂತ ಬರೆದು ನೋಡಿದವರಿಗೇ ಗೊತ್ತು.

ಕೆಲಸ ಇಷ್ಟು ಸಲೀಸಾಗಿ ನಡೆಯುವುದಿಲ್ಲ ಅನ್ನಿ. ‘ಬರಕೊಂಡು ಹೋಗಿ ದಂಡ ಹಾಕಸ್ತೀರೇನು?’ ಅಂತ ರೈತರು ಅನುಮಾನ ಪಡ್ತಾರೆ. ಆ ಅನುಮಾನ ನ್ಯಾಯವಾದದ್ದೇ. ಪಟ್ಟಿ ಯಾರ ಕೈಗೆ ಹೋಗ್ತದೆ, ಅದರಲ್ಲಿ ಹೆಸರು ಇರಬೇಕೋ ಬೇಡವೋ ಅನ್ನುವುದನ್ನು ಫಾರ್ಮ್ ಛಾಪಿಸುವ ಮೊದಲೇ ಊರವರ ಜೊತೆ ಕುಳಿತು ತೀರ್ಮಾನಿಸಬೇಕು. ಹೀಗೆ ಕುಳಿತು ಮಾತಾಡುವುದು ಕಲಿಕೆಯ ಅರ್ಧ ಪಾಲು ಅಂತ ನನ್ನ ಅನಿಸಿಕೆ. ಮುಂದಿನ ವರ್ಷ ಜೂನಿಯರ್ ಬ್ಯಾಚು ಅದೇ ಪಟ್ಟಿ ಹಿಡಿದು ಹೋಗಿ ಎಷ್ಟು ಬಾಯಿ ಮುಚ್ಚಿವೆ ಅಂತ ನೋಡಬೇಕು. ಎರಡನೇ ಭೇಟಿ ಇಲ್ಲದ ಸರ್ವೇಗೂ ಕ್ಯಾಂಪಿನ ಪೊರಕೆಗೂ ಹೆಚ್ಚಿನ ಫರಕು ಇಲ್ಲ.

ಬೋರ್ ಒಂದೇ ಅಲ್ಲ. ಇಂಡಿಯ ಲಿಂಬೆಗೆ ಜಿಐ ಮಾನ್ಯತೆ ಬಂದಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆದರೂ ಬೇಸಿಗೆಯಲ್ಲಿ ಮುಗಿಲು ಮುಟ್ಟಿದ ರೇಟು ಮಳೆಗಾಲಕ್ಕೆ ನೆಲ ಕಚ್ಚುತ್ತದೆ. ಒಂದು ವರ್ಷ ವಾರವಾರದ ದರ ಬರೆದಿಟ್ಟು, ಸಾಗಾಟ, ಕಮಿಷನ್ ಕಳೆದು ರೈತನ ಕೈಗೆ ಉಳಿದದ್ದೆಷ್ಟು ಅಂತ ತೋರಿಸಿದರೆ ಬಿ.ಕಾಂ. ಹುಡುಗನಿಗೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೆ?

ಹಲಸಂಗಿಯವರು ಮಾಡಿದ್ದು

ಕಾಲೇಜೇ ಇಲ್ಲದ ಕಾಲದಲ್ಲಿ ಇದೇ ನೆಲದಲ್ಲಿ ಈ ಕೆಲಸ ನಡೆದಿತ್ತು. ಹಲಸಂಗಿ ಆಗ ಇಂಡಿ ತಾಲ್ಲೂಕಿನ ಊರು, ಈಗ ಚಡಚಣ ತಾಲ್ಲೂಕಿನಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರನ್ನೆಲ್ಲ ಒಟ್ಟಾಗಿ ಹಲಸಂಗಿ ಗೆಳೆಯರು ಅಂತಾರೆ. ಬೀಸುಕಲ್ಲಿನ ಮುಂದೆ, ಹೊಲದಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅಕ್ಷರ ಕಲಿಯದ ಅವ್ವಂದಿರು ಹೇಳಿದರು, ಅಕ್ಷರ ಕಲಿತವರು ಬರೆದುಕೊಂಡರು. ಆ ಪುಸ್ತಕ ಇಲ್ಲದೆ ಇವತ್ತಿಗೂ ಕನ್ನಡ ಜಾನಪದದ ಪಾಠ ಶುರುವಾಗುವುದಿಲ್ಲ.

ಅಂಥದ್ದೇ ಒಂದು ಕೆಲಸ ಈಗ ಕೃಷ್ಣೆಯ ದಂಡೆಯಲ್ಲಿ ಕಾದು ನಿಂತಿದೆ. ಹಳೆಯ ಬಾಗೇವಾಡಿ ತಾಲ್ಲೂಕಿನಿಂದ ಒಡೆದ ನಿಡಗುಂದಿ, ಕೊಲ್ಹಾರ ಭಾಗದಲ್ಲಿ ಆಲಮಟ್ಟಿ ಹಿನ್ನೀರಿಗೆ ಮುಳುಗಿದ ಊರಿನವರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಳೇ ಊರಿನ ಅಗಸಿ ಬಾಗಿಲು, ಬಾವಿ, ಜಾತ್ರೆ, ಎರೆಹೊಲದ ಹೆಸರು ನೆನಪಿದ್ದವರಿಗೆ ಈಗ ವಯಸ್ಸಾಗಿದೆ. ಇತಿಹಾಸ ಓದುವ ಮೊಮ್ಮಗಳು ಫೋನಿನ ರೆಕಾರ್ಡರ್ ಒತ್ತಿ ಅಜ್ಜಿಯ ಮುಂದೆ ಕುಳಿತರೆ ಆಯಿತು. ಹತ್ತು ವರ್ಷ ತಡಮಾಡಿದರೆ ಕೇಳಲಿಕ್ಕೆ ಯಾರೂ ಉಳಿದಿರುವುದಿಲ್ಲ.

ಯಾರು ಮಾಡಿಸ್ತಾರೆ?

ಇಲ್ಲಿಗೆ ಬಂದರೆ ಉತ್ಸಾಹ ಸ್ವಲ್ಪ ಇಳಿಯುತ್ತದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತಾರೋ ಇಲ್ಲವೋ ಅಂತ ಗೊತ್ತಿಲ್ಲದವರಿಗೆ ‘ಎರಡು ವರ್ಷ ಒಂದೇ ಹಳ್ಳಿಯ ಜೊತೆ ಇರಿ’ ಅಂದರೆ ಏನು ಮಾಡಬೇಕು? ಹಳ್ಳಿಗೆ ಹೋದ ತಾಸನ್ನು ಪಾಠದ ತಾಸು ಅಂತ ಬರೆದುಕೊಳ್ಳದೆ ಇದ್ದರೆ ಈ ಕೆಲಸ ಒಬ್ಬಿಬ್ಬರ ಹುಚ್ಚಿನ ಮೇಲೆ ನಡೆದು, ಅವರಿಗೆ ವರ್ಗವಾದ ದಿನ ನಿಲ್ಲುತ್ತದೆ. ಬೋರ್ಡು, ಬ್ಯಾನರಿಗೆ ಹೋಗುವ ದುಡ್ಡು ಬಸ್ ಚಾರ್ಜಿಗೆ ಹೋದರೂ ಅರ್ಧ ಸಮಸ್ಯೆ ಬಗೆಹರಿದೀತು.

ಕ್ಯಾಲೆಂಡರ್ ಇನ್ನೊಂದು ತೊಡಕು. ಸೆಮಿಸ್ಟರ್ ಒಂದು ಲೆಕ್ಕದಲ್ಲಿ ಓಡಿದರೆ ಹೊಲ ಇನ್ನೊಂದು ಲೆಕ್ಕದಲ್ಲಿ. ತೊಗರಿ ರಾಶಿಯ ದಿನಗಳಲ್ಲಿ ಮುದ್ದೇಬಿಹಾಳದ ಕಡೆ ಹಾಜರಿ ಪುಸ್ತಕ ನೋಡಿದರೆ ಯಾರ ಮನೆಯಲ್ಲಿ ಎಷ್ಟು ಹೊಲ ಇದೆ ಅಂತ ಹೇಳಬಹುದು. ಅಂಥ ವಾರ ಯಾರೂ ಫಾರ್ಮ್ ಹಿಡಿದು ಹೋಗಬಾರದು. ಹೋದರೆ ಬೈಗುಳ ಸಿಗ್ತದೆ, ಇಲ್ಲವೇ ರಾಶಿ ಮಾಡೋ ಕೆಲಸ ಸಿಗ್ತದೆ.

ಗುಳೆ ಹೋದ ಮನೆಗಳ ಸಮೀಕ್ಷೆಗಂತೂ ದಿನ ನೋಡಿಯೇ ಹೊರಡಬೇಕು. ಕಬ್ಬು ಕಡಿಯುವ ಕಾಲದಲ್ಲಿ ತಾಂಡಾಗಳಿಗೆ ಹೋದರೆ ಸಿಗುವುದು ಕೀಲಿ ಹಾಕಿದ ಬಾಗಿಲು, ಅಂಗಳದಲ್ಲಿ ಕುಳಿತ ಮುದುಕರು, ಅವರ ಬಳಿ ಬಿಟ್ಟುಹೋದ ಒಂದೆರಡು ಮಕ್ಕಳು. ಊರ ಜಾತ್ರೆಗೆ ಹೋಗಬೇಕು. ಗೋವಾದವರು, ಪುಣೆಯವರು, ಮಂಗಳೂರಿನವರು ಎಲ್ಲ ಬಂದಿರ್ತಾರೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ನೀವೂ ಬಂದಿರ್ತೀರಿ. ತೇರು ಎಳೆದಾದ ಮೇಲೆ ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ನಿಮ್ಮ ಮನೆಯ ಕಟ್ಟೆಗೆ ಬಂದು, ‘ಅಣ್ಣಾ, ಎಷ್ಟು ವರ್ಷ ಆತು ಊರು ಬಿಟ್ಟು? ಯಾಕ ಬಿಟ್ರಿ?’ ಅಂತ ಕೇಳಬಹುದು. ಐದು ನಿಮಿಷ ಕೂಡ್ರಿಸಿ, ಚಹಾ ಕೊಟ್ಟು ಉತ್ತರ ಹೇಳಿ. ಅವಳ ಫಾರ್ಮ್‌ನಲ್ಲಿ ಯಾವುದಾದರೂ ಕಾಲಂ ಬಿಟ್ಟುಹೋಗಿದ್ದರೆ ಅದನ್ನೂ ಹೇಳಿ, ನಿಮ್ಮ ಎಕ್ಸೆಲ್ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರ್ತದೆ.